ನಾಲ್ಕು ಸಾಲೂ ಒಂದು ಟಿಪ್ಪಣಿಯೂ

ನಮ್ಮ ಮಾಸಿಕದ ಕೊನೆಯ ಪುಟದ ಮೂಲೆಯಲ್ಲಿ, ಚಂದಾ ಬಾಕಿ ಉಳಿಸಿಕೊಂಡವರಿಗೆ ಮಾಡುವ ವಿನಂತಿಗೂ ಮನೆಯಲ್ಲಿ ಮಾಡಿದ ಹಪ್ಪಳದ ಜಾಹೀರಾತಿಗೂ ನಡುವೆ, ಆಗೀಗ ನಾಲ್ಕು ಸಾಲಿನ ಪದ್ಯವೊಂದು ಇರುವುದನ್ನು ವಾಚಕರು ಕಂಡಿರಬಹುದು. ಕಾಣದಿದ್ದರೂ ತಪ್ಪೇನಿಲ್ಲ. ಜಾಗ ಉಳಿದಾಗ ತುಂಬಿಸಲೆಂದು ಹಾಕುವುದು ಅದು. ಅದನ್ನು ಬರೆಯುವವನು ನಾನು. ಹೋದ ಯುಗಾದಿ ಕೂಟದಲ್ಲಿ ಎಲೆಯ ಮುಂದೆ ಪಕ್ಕದಲ್ಲೇ ಕುಳಿತಿದ್ದ ಸಂಪಾದಕರು, "ನೀವು ಇಷ್ಟು ವರ್ಷದಿಂದ ಚುಟುಕ ಬರೆಯುತ್ತೀರಲ್ಲ, ಅದರಿಂದ ನಿಮ್ಮ ಗದ್ಯಕ್ಕೆ ಏನಾದರೂ ಆಗಿದೆಯೆ? ಒಂದೆರಡು ಪುಟ ಬರೆದುಕೊಡಿ" ಎಂದರು. ಹೋಳಿಗೆ ಬಾಯಲ್ಲಿತ್ತು, ಹೂಂ ಎಂದುಬಿಟ್ಟೆ. ಮನೆಗೆ ಬಂದು ಯೋಚಿಸಿದಾಗ ಪ್ರಶ್ನೆ ಅಷ್ಟು ಸುಲಭದ್ದಲ್ಲವೆಂದು ತಿಳಿಯಿತು. ಗದ್ಯಕ್ಕೆ ಏನೋ ಆಗಿದೆ, ನಿಜ. ಅದರಲ್ಲಿ ಒಳ್ಳೆಯದೂ ಇದೆ. ಒಮ್ಮೆ ಒಂದು ಸಂಸಾರಕ್ಕೆ ಕೆಟ್ಟದ್ದೂ ಆಗಿದೆ. ಎರಡನ್ನೂ ಹೇಳದೆ ಉತ್ತರ ಪೂರ್ತಿಯಾಗದು. ಒಂದೆರಡು ಪುಟದಲ್ಲಿ ಮುಗಿಯದಿದ್ದರೆ ಸಂಪಾದಕರು ಹೋಳಿಗೆಯನ್ನು ನೆನೆದು ಮನ್ನಿಸಬೇಕು.

ನಾನು ಅಂಕೋಲೆಯ ಕಡೆಯವನು. ಅಲ್ಲಿಯ ಗೋಖಲೆ ಶತಾಬ್ದಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹಿಡಿದು ಬಿ.ಎಸ್ಸಿ. ಮಾಡಿ, ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ಗುಮಾಸ್ತನಾಗಿ ಈ ಊರಿಗೆ ಬಂದೆ. ಗಾರ್ಡನ್ ರೀಚಿನಲ್ಲಿ ಮನೆ, ಗಾರ್ಡನ್ ರೀಚಿನಲ್ಲೇ ಕಚೇರಿ. ನಮ್ಮ ಸಂಘದವರಲ್ಲಿ ಅನೇಕರು ಲೇಕ್ ಮಾರ್ಕೆಟಿನ ಆಚೀಚೆ ಇರುವುದರಿಂದ ನಾನು ಸಭೆಗೆ ಯಾವಾಗಲೂ ತಡವಾಗಿ ಬರುವವನೆಂದು ಹೆಸರಾಗಿದ್ದೇನೆ. ಖಿದಿರ್‌ಪುರದ ಸೇತುವೆ ದಾಟಿ ಬಂದವರಿಗೆ ಆ ತಡದ ಕಾರಣ ಗೊತ್ತು. ಹಡಗು ಬರುವಾಗ ಸೇತುವೆ ಎತ್ತಿದರೆ ಬಸ್ಸು ನಿಂತಲ್ಲೇ ನಿಲ್ಲುತ್ತದೆ. ನನ್ನ ಚುಟುಕಗಳಲ್ಲಿ ಅರ್ಧಕ್ಕರ್ಧ ಹುಟ್ಟಿದ್ದು ಆ ಸೇತುವೆಯ ಈಚೆ ಕಡೆ, ನಿಂತ ಬಸ್ಸಿನಲ್ಲಿ, ಟಿಕೀಟಿನ ಹಿಂಬದಿಯಲ್ಲಿ.

ಅಂಕೋಲೆಯವನಿಗೆ ಚುಟುಕ ಬರೆಯುವ ಚಟ ಹೇಗೆ ಹಿಡಿಯಿತೆಂದು ಯಾರೂ ಕೇಳಬೇಕಾಗಿಲ್ಲ. ದಿನಕರ ದೇಸಾಯಿಯವರ ಊರು ಅದು. ಅವರು 1909ರಲ್ಲಿ ಹುಟ್ಟಿ 1982ರಲ್ಲಿ ತೀರಿಕೊಂಡವರು. ನಾನು ಓದಿದ ಕಾಲೇಜು ಅವರು 1953ರಲ್ಲಿ ಕಟ್ಟಿದ ಕೆನರಾ ವೆಲ್ಫೇರ್ ಟ್ರಸ್ಟಿನದು. ಅವರನ್ನು ನಾನು ನೋಡಿಲ್ಲ, ಆದರೆ ಅವರ ಚೌಪದಿಗಳನ್ನು ನಮ್ಮ ಅಪ್ಪ ಬಾಯಿಪಾಠ ಹೇಳುತ್ತಿದ್ದ. ಗದ್ದೆಯ ಬದುವಿನ ಮೇಲೆ, ಮದುವೆಮನೆಯ ಚಪ್ಪರದ ಕೆಳಗೆ, ಪಂಚಾಯ್ತಿಯ ಚುನಾವಣೆ ಬಂತೆಂದರೆ ಇನ್ನೂ ಜೋರಾಗಿ. ನಾಲ್ಕು ಸಾಲು, ಎರಡೆರಡಕ್ಕೆ ಒಂದೊಂದು ಪ್ರಾಸ, ಮೂರು ಸಾಲು ಮೆಲ್ಲಗೆ ನಡೆದು ಬಂದು ನಾಲ್ಕನೆಯದು ಪೆಟ್ಟು ಕೊಡಬೇಕು. ಚುಟುಕವೆಂದರೆ ಕುಟುಕಬೇಕು ಎಂದು ಅಪ್ಪ ಹೇಳುತ್ತಿದ್ದ. ಈ ಮಾತನ್ನು ಇನ್ನೂ ಎಷ್ಟೋ ಜನ ಹೇಳುತ್ತಾರೆ. ನಾನು ಅದನ್ನು ಶಾಸ್ತ್ರವೆಂದೇ ನಂಬಿ ಬೆಳೆದೆ.

ಬರೆಯತೊಡಗಿದ್ದು ಇಲ್ಲಿಗೆ ಬಂದ ಮೇಲೆ. ದಿನವಿಡೀ ಕಚೇರಿಯ ಇಂಗ್ಲಿಷ್, ಸುತ್ತ ಬಂಗಾಳಿ, ಅಂಗಡಿಯಲ್ಲಿ ಹಿಂದಿ, ಮಟಿಯಾಬುರ್ಜಿನ ದರ್ಜಿಯವರ ಗಲ್ಲಿಗೆ ಹೋದರೆ ಉರ್ದು. ಕನ್ನಡಕ್ಕೆ ಉಳಿದ ಹೊತ್ತು ಕಡಿಮೆ. ಕಡಿಮೆ ಹೊತ್ತಿಗೆ ತಕ್ಕ ಪದ್ಯ ಚುಟುಕ. ಕಾದಂಬರಿ ಬರೆಯುವಷ್ಟು ದೊಡ್ಡ ಸೇತುವೆ ಖಿದಿರ್‌ಪುರದಲ್ಲಿ ಇಲ್ಲ.

ಒಂದೆರಡು ವರ್ಷದಲ್ಲೇ ನನ್ನ ಗದ್ಯ ಬದಲಾಗುವುದು ಕಂಡಿತು. ಮೊದಲು ಹೋದದ್ದು "ಮತ್ತು". ಪದ್ಯದಲ್ಲಿ ಈ ಮಾತಿಗೆ ಜಾಗವಿಲ್ಲ. ಅಪ್ಪನೂ ಆಯಿಯೂ ಬಂದರು ಎಂದರೆ ಸಾಕು. ಬಂದು, ಕೂತು, ಉಂಡು, ಹೋದರು ಎಂದರೆ ಸಾಕು. ಕನ್ನಡದ ಕ್ರಿಯಾಪದ ತಾನೇ ಕೊಂಡಿ ಹಾಕಿಕೊಳ್ಳುತ್ತದೆ. ನಾವು ಇಂಗ್ಲಿಷಿನ ಗುಮಾನಿಯಲ್ಲಿ ನಡುವೆ ಮೊಳೆ ಹೊಡೆಯುತ್ತೇವೆ, ಅಷ್ಟೆ. ಆಮೇಲೆ ಹೋದದ್ದು "ಲಾಗುವುದು". ಕ್ರಮ ಕೈಗೊಳ್ಳಲಾಗುವುದು, ಪರಿಶೀಲಿಸಲಾಗುತ್ತಿದೆ, ವಿಷಾದಿಸಲಾಗಿದೆ. ಯಾರು ಕೈಗೊಳ್ಳುತ್ತಾರೆ, ಯಾರು ಪರಿಶೀಲಿಸುತ್ತಿದ್ದಾರೆ, ಯಾರಿಗೆ ವಿಷಾದ? ನಾಲ್ಕು ಸಾಲಿನಲ್ಲಿ ಕರ್ತೃವನ್ನು ಬಚ್ಚಿಡಲು ಮೂಲೆಯೇ ಇಲ್ಲ. ಮಾಡಿದವನು ಮುಂದೆ ಬಂದು ನಿಲ್ಲಲೇಬೇಕು. ಸಂಘದ ವಾರ್ಷಿಕ ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದ ವರ್ಷ "ಸಭಾಂಗಣದ ಬಾಡಿಗೆ ಪಾವತಿಸುವಲ್ಲಿ ವಿಳಂಬವುಂಟಾಯಿತು" ಎಂದು ಹಿಂದಿನವರು ಬರೆಯುತ್ತಿದ್ದ ಕಡೆ "ಬಾಡಿಗೆ ಕಟ್ಟುವುದನ್ನು ನಾವು ಮರೆತೆವು" ಎಂದು ಬರೆದೆ. ಖಜಾಂಚಿಯವರು ಎರಡು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಆ ವರದಿ ಮಾತ್ರ ಎಲ್ಲರೂ ಕೊನೆಯವರೆಗೆ ಓದಿದ ಮೊದಲ ವರದಿಯೆಂದು ಹಿರಿಯರೊಬ್ಬರು ಹೇಳಿದರು.

ಇನ್ನೊಂದು ಕಲಿತದ್ದು ವಸ್ತುವಿನ ಹೆಸರನ್ನು ಹಿಡಿದು ಕರೆಯುವುದು. ಗದ್ಯದಲ್ಲಿ ಮರ ಎಂದು ಬರೆದು ಮುಂದೆ ಹೋಗಬಹುದು. ಪದ್ಯದಲ್ಲಿ ಮೂರು ಮಾತ್ರೆಯ ಹೆಸರು ಬೇಕಾಗಿ ಹುಡುಕುವಾಗ, ಅದು ಹೊನ್ನೆಯೋ ಹಲಸೋ ಎಂದು ನೆನಪು ಮಾಡಿಕೊಳ್ಳಬೇಕಾಗುತ್ತದೆ. ನೆನಪಾದರೆ ಆ ಮರದ ಕೆಳಗಿನ ನೆರಳೂ ಬರುತ್ತದೆ. ಛಂದಸ್ಸು ನನ್ನಂಥ ಸಾಧಾರಣ ಪದ್ಯಗಾರನಿಗೆ ಮಾಡಿದ ಉಪಕಾರ ಇದೇ: ಮೊದಲು ತೋಚಿದ ಮಾತು ಅಳತೆಗೆ ಕೂಡದೆ ಎರಡನೆಯದನ್ನೂ ಮೂರನೆಯದನ್ನೂ ಹುಡುಕಿಸುವುದು. ಆ ಹುಡುಕುವ ಅಭ್ಯಾಸ ಗದ್ಯಕ್ಕೂ ಅಂಟಿಕೊಂಡಿತು.

ಇಷ್ಟು ಹೇಳಿ ನಿಲ್ಲಿಸಿದ್ದರೆ ಸಂಪಾದಕರ ಎರಡು ಪುಟಕ್ಕೆ ಸರಿಹೋಗುತ್ತಿತ್ತು. ಆದರೆ ಅಪ್ಪನ ವಿಷಯ ಬರೆಯಬೇಕು.

ನಮ್ಮ ಅಪ್ಪನಿಗೆ ಕಿವಿ ಕೇಳುವುದಿಲ್ಲ. ಎಲ್ಲರೂ ಊರಿಗೆ ಫೋನು ಮಾಡುವ ಈ ಕಾಲದಲ್ಲೂ ನಾನು ತಿಂಗಳಿಗೆರಡು ಕಾಗದ ಬರೆಯುವುದು ಅದಕ್ಕೆ. ಮೊದಮೊದಲು ಇನ್‌ಲ್ಯಾಂಡಿನ ಮೂರೂ ಮಗ್ಗುಲು ತುಂಬಿ, ಅಂಚಿನಲ್ಲೂ ಬರೆಯುತ್ತಿದ್ದೆ. ಚುಟುಕದ ಕೈ ಕುದುರುತ್ತ ಬಂದ ಹಾಗೆ ಕಾಗದ ಗಿಡ್ಡವಾಯಿತು. "ಇಲ್ಲಿ ಮಳೆ. ಎಲ್ಲರೂ ಕ್ಷೇಮ. ಸಣ್ಣವನಿಗೆ ಜ್ವರ ಬಂದು ಬಿಟ್ಟಿತು. ಹಣ ಕಳಿಸಿದ್ದೇನೆ." ಇದರಲ್ಲಿ ಹೆಚ್ಚಿನ ಮಾತು ಒಂದಿದ್ದರೆ ತೋರಿಸಿ ಎಂದು ನನಗೆ ನಾನೇ ಮೆಚ್ಚಿಕೊಳ್ಳುತ್ತಿದ್ದೆ. ಒಂದು ಸಲ ಅಪ್ಪನ ಉತ್ತರ ಬಂತು. "ತಮಾ, ನಿನ್ನ ಕಾಗದ ತಂತಿ ಬಂದ ಹಾಗೆ ಇರುತ್ತದೆ. ಒಡೆಯುವಾಗ ಎದೆ ಹೊಡೆದುಕೊಳ್ಳುತ್ತದೆ. ಜ್ವರ ಎಷ್ಟು ದಿನ ಇತ್ತು, ಯಾವ ಡಾಕ್ಟರಿಗೆ ತೋರಿಸಿದೆ, ಮಗು ಏನು ತಿಂದಿತು? ಆಯಿ ಕೇಳುತ್ತಾಳೆ, ನಾನು ಏನು ಓದಿ ಹೇಳಲಿ?"

ನಾನು ನಕ್ಕು ಸುಮ್ಮನಾದೆ. ಅಪ್ಪನಿಗೆ ಹೊತ್ತು ಹೋಗುವುದಿಲ್ಲ, ಅದಕ್ಕೆ ಹೀಗೆನ್ನುತ್ತಾನೆ ಎಂದುಕೊಂಡೆ. ಅದು ಎಚ್ಚರಿಕೆಯೆಂದು ತಿಳಿಯಲಿಲ್ಲ.

ಕಚೇರಿಯಲ್ಲಿ ಅಷ್ಟರಲ್ಲಿ ನನ್ನ ಟಿಪ್ಪಣಿಗಳಿಗೆ ಒಂದು ಹೆಸರು ಬಂದಿತ್ತು. ಕಚೇರಿ ಕಾಣದ ವಾಚಕರಿಗಾಗಿ ಹೇಳುತ್ತೇನೆ: ಒಂದು ಅರ್ಜಿ ಬಂದರೆ ಗುಮಾಸ್ತನು ಫೈಲಿನ ಹಳೆಯ ಕಾಗದಗಳನ್ನು ನೋಡಿ, ವಿಷಯ ಇದು, ನಿಯಮ ಇದು ಎಂದು ಒಂದು ಟಿಪ್ಪಣಿ ಬರೆದು ಮೇಲಕ್ಕೆ ಕಳಿಸುತ್ತಾನೆ. ಮೇಲಿನವರು ಅದರ ಕೆಳಗೆ ತಮ್ಮದೊಂದು ಸಾಲು ಬರೆದು ಇನ್ನೂ ಮೇಲಕ್ಕೆ. ಕಟ್ಟಕಡೆಗೆ ತೀರ್ಮಾನ ಮಾಡುವವರು ಮೂಲ ಅರ್ಜಿಯನ್ನು ತಿರುವಿ ನೋಡುವುದು ಅಪರೂಪ. ಅವರು ಓದುವುದು ಟಿಪ್ಪಣಿಯನ್ನು. ಇತರರು ಒಂದು ಪುಟ ಬರೆಯುವ ಕಡೆ ನಾನು ಐದು ಸಾಲು ಬರೆಯುತ್ತಿದ್ದೆ. ಅವು ಸ್ಪಷ್ಟವಾಗಿಯೂ ಇರುತ್ತಿದ್ದವು. ಸಾಹೇಬರು ಹೊಸಬರಿಗೆ ನನ್ನ ಟಿಪ್ಪಣಿ ತೋರಿಸಿ ಹೀಗೆ ಬರೆಯಿರಿ ಎನ್ನುತ್ತಿದ್ದರು. ಇಂಗ್ಲಿಷಿನಲ್ಲಿ ಬರೆದರೂ ಕೈ ಚುಟುಕದ್ದೇ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ಏಳೆಂಟು ವರ್ಷದ ಹಿಂದಿನ ಮಾತು. ನಮ್ಮಲ್ಲಿ ಕೆಳದರ್ಜೆಯ ನೌಕರನೊಬ್ಬ ತೀರಿಹೋಗಿದ್ದ. ಒಡಿಶಾದ ಕಡೆಯವನು. ಹೆಂಡತಿಯೂ ಮಗಳೂ ಕ್ವಾರ್ಟರ್ಸಿನಲ್ಲಿ ಇದ್ದರು. ನೌಕರ ಸತ್ತ ಮೇಲೆ ಸಂಸಾರ ಇಂತಿಷ್ಟು ಕಾಲ ಇರಬಹುದೆಂದು ನಿಯಮವಿದೆ. ಆ ಕಾಲ ಮುಗಿಯಿತು. ಮಗಳ ಮಾಧ್ಯಮಿಕ ಪರೀಕ್ಷೆಗೆ ನಾಲ್ಕು ತಿಂಗಳಿತ್ತು. ಮಾಧ್ಯಮಿಕವೆಂದರೆ ನಮ್ಮ ಎಸ್ಸೆಸ್ಸೆಲ್ಸಿ ಇದ್ದ ಹಾಗೆ. ಅಷ್ಟು ದಿನ ಇರಗೊಡಿ ಎಂದು ಆಕೆ ಅರ್ಜಿ ಕೊಟ್ಟಳು. ಫೈಲು ನನ್ನ ಮೇಜಿಗೆ ಬಂತು. ನಾನು ಬರೆದ ಟಿಪ್ಪಣಿ ನನಗೆ ಇಂದಿಗೂ ಬಾಯಿಪಾಠವಾಗಿದೆ. ಅದರ ಕನ್ನಡ ಇಷ್ಟು: "ಸಂಸಾರವು ನಿಯಮದಲ್ಲಿ ಹೇಳಿದ ಪೂರ್ಣ ಅವಧಿ ವಾಸವಾಗಿದೆ. ಅದಕ್ಕಿಂತ ಹೆಚ್ಚಿನ ಅವಧಿಗೆ ನಿಯಮದಲ್ಲಿ ಅವಕಾಶವಿಲ್ಲ. ಅವಧಿ ಮುಗಿಯುವ ಮೊದಲೇ ಜ್ಞಾಪನ ಪತ್ರ ಕಳಿಸಲಾಗಿತ್ತು. ಉತ್ತರ ಬಂದಿಲ್ಲ."

ನಾಲ್ಕು ವಾಕ್ಯ. ನಾಲ್ಕೂ ನಿಜ. ಆದರೆ ಫೈಲಿನಲ್ಲಿ, ಕೆಳಗಿನಿಂದ ಮೂರನೆಯ ಕಾಗದವಾಗಿ, ಒಂದು ಲಕೋಟೆ ಟ್ಯಾಗಿಗೆ ಪೋಣಿಸಿತ್ತು. ಜ್ಞಾಪನ ಪತ್ರದ ಲಕೋಟೆ. ಅದನ್ನು ಸತ್ತವನ ಹೆಸರಿಗೆ ಕಳಿಸಿದ್ದರು. ಅಂಚೆಯವನು ವಿಳಾಸದಾರ ಮೃತನೆಂದು ಬರೆದು ತಿರುಗಿ ತಂದುಕೊಟ್ಟಿದ್ದ. ಆ ಲಕೋಟೆಯನ್ನು ನಾನು ನೋಡಿದ್ದೆ, ನೋಡಿಲ್ಲವೆಂದು ಹೇಳಲಾರೆ. ಟಿಪ್ಪಣಿ ಬರೆಯುವಾಗ ಅದೂ ಮನಸ್ಸಿಗೆ ಬಂದು ಹೋಯಿತು. ಸೇರಿಸಿದರೆ ಇನ್ನೆರಡು ವಾಕ್ಯ ಬೇಕಾಗುತ್ತಿತ್ತು. "ಉತ್ತರ ಬಂದಿಲ್ಲ" ಎಂಬ ಕೊನೆಯ ಸಾಲು ಹಾಗೆ ಬಂದು ನಿಲ್ಲುತ್ತಿರಲಿಲ್ಲ. ಅದು ನಾಲ್ಕನೆಯ ಸಾಲಿನ ಹಾಗೆ ಕಿವಿಗೆ ಕೇಳಿಸಿತ್ತು. ಕುಟುಕಬೇಕಾದ ಕಡೆ ಕುಟುಕಿತ್ತು.

ಸಾಹೇಬರು ಒಪ್ಪಿ ಸಹಿ ಮಾಡಿದರು. ಬಿಡಲು ಹದಿನೈದು ದಿನ. ಆಕೆ ಬಂದದ್ದು ಜಗಳಕ್ಕಲ್ಲ. ಬಾಗಿಲಲ್ಲಿ ನಿಂತು, "ಬಾಬು, ನನಗೆ ಯಾವ ಚೀಟಿಯೂ ಬಂದಿಲ್ಲ. ಬಂದಿದ್ದರೆ ಉತ್ತರ ಕೊಡದೆ ಇರುತ್ತಿದ್ದೆನೆ?" ಎಂದಳು. ಅಷ್ಟೇ ಕೇಳಿದ್ದು. ನಾನು ಫೈಲು ತರಿಸಿ, ಆಕೆಯ ಎದುರಿಗೇ ಆ ಲಕೋಟೆಯನ್ನು ತೆಗೆದು ನೋಡಿದೆ. ಗಂಡನ ಹೆಸರಿನ ಮೇಲೆ ಅಂಚೆಯವನ ಬರಹ. ಆಕೆಗೆ ಇಂಗ್ಲಿಷ್ ಓದಲು ಬಾರದು, ಗಂಡನ ಹೆಸರಿನ ಅಕ್ಷರದ ಗುರುತು ಇತ್ತು. ಅದರ ಮೇಲೆ ಬೆರಳಿಟ್ಟು ಸುಮ್ಮನೆ ನಿಂತಳು.

ಆ ಸಂಜೆ ಕುಳಿತು ಇನ್ನೊಂದು ಟಿಪ್ಪಣಿ ಬರೆದೆ. ಒಂದೂವರೆ ಪುಟ. ಪತ್ರ ಯಾರ ಹೆಸರಿಗೆ ಹೋಯಿತು, ಯಾವ ದಿನ ತಿರುಗಿ ಬಂತು, ಅರ್ಜಿದಾರಳಿಗೆ ಸೂಚನೆಯೇ ಸಿಕ್ಕಿಲ್ಲವೆಂಬುದು, ಪರೀಕ್ಷೆಯ ದಿನಾಂಕ, ಶಾಲೆಯಿಂದ ಕ್ವಾರ್ಟರ್ಸಿಗೆ ಇರುವ ದೂರ, ಹಿಂದಿನ ಟಿಪ್ಪಣಿಯಲ್ಲಿ ನಾನು ಇದನ್ನು ಬಿಟ್ಟದ್ದು. ಸಾಹೇಬರು "ಇದೇನು, ನೀವೂ ಉದ್ದ ಬರೆಯತೊಡಗಿದಿರಾ?" ಎಂದರು. ಫೈಲು ಮೇಲೆ ಹೋಯಿತು, ಪ್ರಶ್ನೆ ಹೊತ್ತು ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಮೂರು ತಿಂಗಳ ಅನುಮತಿ ಸಿಕ್ಕಿತು. ಸಿಗುವಷ್ಟರಲ್ಲಿ ಆಕೆ ಹೆದರಿ ಮನೆ ಬಿಟ್ಟು, ಬಜ್‌ಬಜ್ ಕಡೆ ಯಾರೋ ನಂಟರ ಒಂದು ಕೋಣೆಗೆ ಹೋಗಿಯಾಗಿತ್ತು. ಮಗಳು ಅಲ್ಲಿಂದಲೇ ದಿನಾ ಬಂದು ಪರೀಕ್ಷೆ ಬರೆದಳು.

ಇದನ್ನು ನಮ್ಮ ಸಂಘದ ಗೆಳೆಯರೊಬ್ಬರಿಗೆ ಹೇಳಿದಾಗ ಅವರು, "ಇದಕ್ಕೂ ನಿಮ್ಮ ಚುಟುಕಕ್ಕೂ ಏನು ಸಂಬಂಧ? ಚುಟುಕ ಬರೆಯದ ಗುಮಾಸ್ತರು ಇದಕ್ಕಿಂತ ಕೆಟ್ಟ ಟಿಪ್ಪಣಿ ಬರೆಯುತ್ತಾರೆ. ಹದಿನಾಲ್ಕು ಪುಟ ಬರೆದು ಹದಿಮೂರನೆಯ ಪುಟದಲ್ಲಿ ಲಕೋಟೆಯನ್ನು ಹೂತಿಡುವವರು ಇಲ್ಲವೆ?" ಎಂದರು. ಮಾತು ಸರಿ. ಉದ್ದವಾದದ್ದೆಲ್ಲ ಸತ್ಯವೂ ಅಲ್ಲ, ಕರುಣೆಯೂ ಅಲ್ಲ. ಆದರೆ ನನ್ನ ಮಟ್ಟಿಗೆ ಆ ತಪ್ಪು ಬಂದ ದಾರಿ ನನಗೆ ಗೊತ್ತಿದೆ. ಸೋಮಾರಿತನದಿಂದ ಬರಲಿಲ್ಲ, ದುರುದ್ದೇಶದಿಂದಲೂ ಬರಲಿಲ್ಲ. ವಾಕ್ಯ ಚೆನ್ನಾಗಿ ಬಂತೆಂಬ ಸಂತೋಷದಿಂದ ಬಂತು. ಮನುಷ್ಯನು ಸುಳ್ಳು ಹೇಳುವಾಗ ಒಳಗೆ ಏನೋ ಚುಚ್ಚುತ್ತದೆ. ನಿಜವನ್ನೇ ಅಂದವಾಗಿ ಕತ್ತರಿಸುವಾಗ ಏನೂ ಚುಚ್ಚುವುದಿಲ್ಲ, ಹಿಗ್ಗೇ ಆಗುತ್ತದೆ. ನನ್ನ ತಲೆನೋವು ಇದೇ.

ಕಾಲೇಜಿನ ಪ್ರಯೋಗಶಾಲೆಯಲ್ಲಿ ನಮಗೆ ಹೇಳಿಕೊಡುತ್ತಿದ್ದ ಒಂದು ಕಟ್ಟು ನೆನಪಾಗುತ್ತದೆ. ಬ್ಯೂರೆಟ್ಟಿನಲ್ಲಿ ಕಂಡ ಅಂಕಿಯನ್ನು ಕಂಡ ಹಾಗೆ ಬರೆಯಬೇಕು. ಲೆಕ್ಕದ ನಡುವೆ ದಶಾಂಶ ಕತ್ತರಿಸಬಾರದು. ಕತ್ತರಿಸುವುದಿದ್ದರೆ ಕಟ್ಟಕಡೆಯ ಉತ್ತರದಲ್ಲಿ ಮಾತ್ರ. ಪ್ರತಿ ಹಂತದಲ್ಲೂ ಒಂದಿಷ್ಟು ಕತ್ತರಿಸಿದರೆ ಪ್ರತಿ ಹಂತದ ತಪ್ಪೂ ಸಣ್ಣದಾಗಿಯೇ ಕಾಣುತ್ತದೆ, ಕೊನೆಯ ಉತ್ತರ ಮಾತ್ರ ಎಲ್ಲೋ ಹೋಗಿರುತ್ತದೆ. ಕಚೇರಿಯ ಫೈಲು ಹೀಗೆ ಹಂತ ಹಂತವಾಗಿ ಏರುವ ಲೆಕ್ಕ. ನಾನಿದ್ದದ್ದು ಮೊದಲ ಹಂತದಲ್ಲಿ. ಅಲ್ಲೇ ಕತ್ತರಿಸಿದೆ. ನನ್ನ ಮೇಲಿನವರು ನನ್ನ ನಾಲ್ಕು ವಾಕ್ಯವನ್ನು ಎರಡು ಮಾಡಿದರು, ಅವರ ಮೇಲಿನವರು "ಒಪ್ಪಿದೆ" ಎಂಬ ಒಂದು ಮಾತು ಮಾಡಿದರು. ಯಾರನ್ನು ದೂರುವುದು?

ಪದ್ಯದಲ್ಲೂ ಬಿಡುತ್ತೇವಲ್ಲ, ಅದು ಏಕೆ ತಪ್ಪಾಗುವುದಿಲ್ಲ? ಬಹಳ ದಿನ ಇದನ್ನು ಯೋಚಿಸಿದೆ. ಬಾಶೋ ಎಂಬ ಜಪಾನೀ ಕವಿಯ ಹೆಸರನ್ನು ಹಾಯಿಕು ಓದುವವರೆಲ್ಲ ಕೇಳಿರುತ್ತಾರೆ. ಅವನು 1689ರಲ್ಲಿ ಶಿಷ್ಯನೊಬ್ಬನನ್ನು ಕರೆದುಕೊಂಡು ಉತ್ತರದ ಕಡೆ ನಡೆದು ಹೋದ. ಆ ಯಾತ್ರೆಯನ್ನು ಹಾಯಿಕುಗಳ ನಡುವೆ ಗದ್ಯ ಪೋಣಿಸಿ ಒಂದು ಪುಸ್ತಕ ಮಾಡಿದ. ಸಣ್ಣ ಪದ್ಯದಲ್ಲಿ ಪಳಗಿದ ಕೈ ಗದ್ಯ ಬರೆದರೆ ಹೇಗಿರುತ್ತದೆಂದು ಕೇಳುವವರಿಗೆ ಲೋಕವೆಲ್ಲ ತೋರಿಸುವುದು ಅದನ್ನೇ. ಅವನು 1694ರಲ್ಲಿ ತೀರಿಕೊಂಡ. ಪುಸ್ತಕ 1702ರಲ್ಲಿ ಅಚ್ಚಾಯಿತು. ತಮಾಷೆಯೆಂದರೆ, ಜೊತೆಗೆ ಹೋಗಿದ್ದ ಶಿಷ್ಯ ಸೋರಾ ತನ್ನ ಪಾಡಿಗೆ ಒಂದು ದಿನಚರಿ ಬರೆದಿಟ್ಟಿದ್ದ. ಅದು 1943ರಲ್ಲಿ ಅಚ್ಚಾದಾಗ, ಗುರುವಿನ ಪುಸ್ತಕಕ್ಕೂ ಶಿಷ್ಯನ ದಿನಚರಿಗೂ ಅನೇಕ ಕಡೆ ತಾಳೆಯಾಗುವುದಿಲ್ಲವೆಂದು ತಿಳಿಯಿತು. ಇಚಿಬುರಿ ಎಂಬ ಊರಿನ ಛತ್ರದಲ್ಲಿ ಪಕ್ಕದ ಕೋಣೆಯಲ್ಲಿ ಇಬ್ಬರು ವೇಶ್ಯೆಯರು ತಂಗಿದ್ದರೆಂದು ಬಾಶೋ ಬರೆದ ಪ್ರಸಂಗ ಬಹಳ ಹೆಸರಾದದ್ದು. ಸೋರಾನ ದಿನಚರಿಯಲ್ಲಿ ಆ ರಾತ್ರಿ ಅಂಥದ್ದೇನೂ ಇಲ್ಲ.

ಯಾತ್ರೆಗೆ ಮುನ್ನೂರು ವರ್ಷ ಕಳೆದರೂ ಬಾಶೋನನ್ನು ಯಾರೂ ಸುಳ್ಳುಗಾರ ಎನ್ನಲಿಲ್ಲ. ಅವನು ಬಿಟ್ಟದ್ದು, ಸೇರಿಸಿದ್ದು, ತಿದ್ದಿದ್ದು ಯಾರ ಮನೆಯನ್ನೂ ಬಿಡಿಸಲಿಲ್ಲ. ಪದ್ಯದಲ್ಲಿ ಬಿಟ್ಟ ಮಾತನ್ನು ಓದುವವನು ತುಂಬಿಕೊಳ್ಳುತ್ತಾನೆ, ತುಂಬಿಕೊಳ್ಳಲೆಂದೇ ಬಿಟ್ಟಿರುತ್ತೇವೆ, ಅವನಿಗೆ ಅದೇ ಸುಖ. ಟಿಪ್ಪಣಿಯಲ್ಲಿ ಬಿಟ್ಟ ಮಾತನ್ನು ಓದುವವನು ತುಂಬಿಕೊಳ್ಳುವುದಿಲ್ಲ. ಅಲ್ಲಿ ಏನೂ ಇರಲಿಲ್ಲವೆಂದೇ ತಿಳಿಯುತ್ತಾನೆ. ಬಿಟ್ಟದ್ದರ ಬೆಲೆಯನ್ನು ಕೊಡುವವಳು ಓದುವವನೂ ಅಲ್ಲ, ಬರೆದವನೂ ಅಲ್ಲ. ಯಾರ ವಿಷಯ ಬರೆದೆವೋ ಅವಳು. ಅವಳ ಕೈಗೆ ಆ ಟಿಪ್ಪಣಿ ಬರುವುದೂ ಇಲ್ಲ.

ನಮ್ಮ ದಿನಕರ ದೇಸಾಯಿಯವರನ್ನೇ ಮತ್ತೆ ನೋಡಿದೆ. ರೈತರ ಹೋರಾಟದಿಂದಾಗಿ ಜಿಲ್ಲೆಯಿಂದ ಗಡೀಪಾರಾದ ಮನುಷ್ಯ. ಮುಂಬಯಿಯಲ್ಲಿ ಭಾರತ ಸೇವಕ ಸಮಾಜದವರಾಗಿ ಹಡಗಿನ ಕಾರ್ಮಿಕರ ನಡುವೆ ದುಡಿದವರು. ಚುಟುಕಕ್ಕೆ ಹೆಸರಾದ ಅವರೇ ಭಾರತದ ಹಡಗು ಕಾರ್ಮಿಕರ ಮೇಲೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದು 1940ರಲ್ಲಿ ಹೊರತಂದಿದ್ದರು. ಇದು ನಮ್ಮ ಊರಿನವರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಗಾರ್ಡನ್ ರೀಚಿನಲ್ಲಿ ಕುಳಿತವನಿಗೆ ಆ ವಿಷಯ ದೂರದ್ದಲ್ಲ. ಹಡಗಿಗೆ ಆಳು ಹಿಡಿಯುವ ದೊಡ್ಡ ರೇವಾಗಿತ್ತು ಈ ಊರು. ಇಲ್ಲಿಂದ ಹೇಸ್ಟಿಂಗ್ಸ್ ಕಡೆಗೆ ಹೋದರೆ ನದಿಯ ದಡದಲ್ಲಿ ಲಸ್ಕರರ ಸ್ಮಾರಕವಿದೆ. ಮೊದಲ ಮಹಾಯುದ್ಧದಲ್ಲಿ ಸತ್ತ 896 ಮಂದಿ ನಾವಿಕರ ನೆನಪಿಗೆ 1924ರಲ್ಲಿ ಕಟ್ಟಿದ್ದು. ಪೂರ್ವ ಬಂಗಾಳದ, ಅಸ್ಸಾಮಿನ, ಉತ್ತರದ ಹಳ್ಳಿಗಳಿಂದ ಬಂದು ಎಂಜಿನ್ನಿಗೆ ಇದ್ದಿಲು ಹಾಕಿದ ಜನ. ಅದನ್ನು ನೋಡಿ ಬಂದ ದಿನ ಆ ಸಂಖ್ಯೆಯ ಮೇಲೆ ಒಂದು ಚುಟುಕ ಕಟ್ಟಲು ಕುಳಿತೆ. ಆಗಲಿಲ್ಲ. 896 ಎಂಬುದು ಮಾತ್ರೆಗೆ ಒಗ್ಗದ್ದು ಒಂದು ಕಾರಣ. ಒಗ್ಗಿಸುವುದು ಸರಿಯಲ್ಲವೆಂದು ಅನಿಸಿದ್ದು ಇನ್ನೊಂದು.

ದೇಸಾಯಿಯವರಿಗೆ ಚುಟುಕ ಬರೆಯಲು ಬರುತ್ತಿತ್ತು. ಹಡಗಿನವರ ಕೂಲಿಯ ವಿಷಯ ನಾಲ್ಕು ಸಾಲು ಕುಟುಕಿ ಚಪ್ಪಾಳೆ ಪಡೆಯಬಹುದಿತ್ತು. ಅವರು ಇಡೀ ಪುಸ್ತಕವನ್ನೇ ಬರೆದರು. ಮಂತ್ರಿಯನ್ನೋ ಧನಿಕನನ್ನೋ ನಗೆಗೀಡು ಮಾಡಲು ನಾಲ್ಕು ಸಾಲು; ಕೂಲಿಯವನ ಪರವಾಗಿ ವಾದಿಸಲು ಬೇಕಾದಷ್ಟು ಪುಟ. ಯಾರ ಎದುರು ಗಿಡ್ಡ ಬರೆಯಬೇಕು, ಯಾರ ಪರವಾಗಿ ಉದ್ದ ಬರೆಯಬೇಕು ಎಂಬ ವಿವೇಕ ಅವರಲ್ಲಿತ್ತು. ನಾನು ತಿರುಗುಮುರುಗು ಮಾಡಿದ್ದೆ. ಸಾಹೇಬರಿಗೆ ರಜೆಯ ಅರ್ಜಿ ಬರೆಯುವಾಗ ನನ್ನ ಕಷ್ಟಸುಖವೆಲ್ಲ ಒಂದು ಪುಟ. ವಿಧವೆಯ ಮನೆಯ ವಿಷಯ ನಾಲ್ಕು ವಾಕ್ಯ.

ಡಿ.ವಿ.ಜಿ.ಯವರೂ ಹೀಗೆಯೇ. 1943ರಲ್ಲಿ ಬಂದ ಕಗ್ಗದಲ್ಲಿ 945 ಪದ್ಯ, ಒಂದೊಂದೂ ನಾಲ್ಕು ಸಾಲು. ಅವರೇ ತಾವು ಕಂಡ ಜನರ ವಿಷಯ ಬರೆಯಲು ಕುಳಿತಾಗ ಜ್ಞಾಪಕ ಚಿತ್ರಶಾಲೆ ಎಂಟು ಸಂಪುಟವಾಯಿತು. ಊಟದ ಬಡಿವಾರ, ತೊಟ್ಟ ರುಮಾಲು, ಆಡಿದ ಮಾತಿನ ವರಸೆ, ಯಾವುದನ್ನೂ ಬಿಡಲಿಲ್ಲ. ಈ ಊರಿನ ರವೀಂದ್ರನಾಥರದೂ ಅದೇ ಕತೆ. ಚೀನಾದಲ್ಲಿ, ಜಪಾನಿನಲ್ಲಿ ಜನ ಬೀಸಣಿಗೆಯನ್ನೂ ರೇಷ್ಮೆಯ ತುಂಡನ್ನೂ ಹಿಡಿದು ಏನಾದರೂ ಬರೆದುಕೊಡಿ ಎಂದಾಗ ಅವರು ಎರಡು ಮೂರು ಸಾಲಿನ ಪದ್ಯ ಬರೆದುಕೊಟ್ಟರು. ಅವು 1927ರಲ್ಲಿ ಲೇಖನ್ ಎಂಬ ಪುಸ್ತಕವಾದವು. ಅದೇ ಕೈ ಅಣ್ಣನ ಮಗಳು ಇಂದಿರಾದೇವಿಗೆ ದೋಣಿಮನೆಯಿಂದ ಕಾಗದ ಬರೆಯುವಾಗ ಹೊಳೆ, ಮರಳು, ಮೋಡ, ದಡದಲ್ಲಿ ನಿಂತ ಹುಡುಗಿ ಎಂದು ಪುಟಗಟ್ಟಲೆ ಹರಿಯಿತು. ಛಿನ್ನಪತ್ರ ಓದಿದ ಮೇಲೆ ನನಗೆ ಅಪ್ಪನ ಕಾಗದ ನೆನಪಾಯಿತು. ಅಷ್ಟು ದೊಡ್ಡ ಕವಿ ತನ್ನ ಮನೆಯ ಹುಡುಗಿಗೆ ಅಷ್ಟು ಬರೆದ. ನಾನು ಕಿವಿ ಕೇಳದ ಅಪ್ಪನಿಗೆ ನಾಲ್ಕು ಸಾಲು ಕಳಿಸಿ ಶೈಲಿ ಎಂದುಕೊಂಡಿದ್ದೆ.

ಹಾಗಾದರೆ ಚುಟುಕ ಬಿಟ್ಟುಬಿಡಬೇಕೆ? ಸ್ವಲ್ಪ ದಿನ ಬಿಟ್ಟೆ. ನಮ್ಮ ಮಾಸಿಕದ ಮೂಲೆಯಲ್ಲಿ ಆ ತಿಂಗಳುಗಳಲ್ಲಿ ಹಪ್ಪಳದ ಜಾಹೀರಾತು ದೊಡ್ಡದಾಗಿ ಬಂದಿತ್ತು. ಆಮೇಲೆ ಹಳೆಯ ಟಿಕೀಟುಗಳ ಕಟ್ಟು ಬಿಚ್ಚಿ ನೋಡುವಾಗ, ಈ ಪ್ರಸಂಗಕ್ಕೆ ಎಷ್ಟೋ ಮೊದಲು ನಾನೇ ಬರೆದ ಒಂದು ಸಿಕ್ಕಿತು. ನಮ್ಮ ಕಡೆ ಸಮುದ್ರದ ಏರಿಳಿತಕ್ಕೆ ಭರತ, ಇಳಿತ ಎನ್ನುತ್ತಾರೆ. ಗಾರ್ಡನ್ ರೀಚಿನವರೆಗೂ ಆ ಏರಿಳಿತ ನದಿಯಲ್ಲಿ ಬರುತ್ತದೆ.

ಇಳಿತದಲಿ ಕಂಡವಗೆ ಹೂಗ್ಲಿ ಬರಿ ಕೆಸರು,
ಭರತದಲಿ ಕಂಡವಗೆ ಗಂಗೆಯೆನೆ ಹೆಸರು.
ಕಂಡ ಹೊತ್ತನು ಬಿಟ್ಟು ಹೊಳೆಯ ಬಣ್ಣಿಸಲು
ಎರಡು ಮಾತೂ ದಿಟವೆ, ಎರಡರಲು ತೊದಲು.

ಪದ್ಯವೇನೂ ದೊಡ್ಡದಲ್ಲ, ನಾಲ್ಕನೆಯ ಸಾಲು ಕುಂಟುತ್ತದೆ. ಆದರೆ ಓದಿ ದಂಗಾದೆ. ನಾನು ಮಾಡಲಿದ್ದ ತಪ್ಪನ್ನು ನಾನೇ ಮೊದಲು ಬರೆದಿಟ್ಟಿದ್ದೆ; ಬರೆದೂ ನನಗೆ ತಿಳಿದಿರಲಿಲ್ಲ. ಇನ್ನೊಂದು ಸಂಗತಿ ಅದಕ್ಕಿಂತ ನಿಧಾನವಾಗಿ ಹೊಳೆಯಿತು. ಆ ಫೈಲು ಒಬ್ಬ ನಿಜವಾದ ಕವಿಯ ಕೈಗೆ ಸಿಕ್ಕಿದ್ದರೆ ಅವನು ಯಾವುದನ್ನು ಹೆಕ್ಕುತ್ತಿದ್ದ? ನಿಯಮವನ್ನಲ್ಲ, ಅವಧಿಯನ್ನಲ್ಲ. ಸತ್ತವನ ಹೆಸರಿಗೆ ಹೋಗಿ ತಿರುಗಿ ಬಂದ ಆ ಲಕೋಟೆಯನ್ನೇ. ಉಳಿದುದೆಲ್ಲವನ್ನೂ ಬಿಟ್ಟು ಅದೊಂದನ್ನು ಇಟ್ಟುಕೊಳ್ಳುತ್ತಿದ್ದ. ಚುಟುಕ ನನಗೆ ಕಲಿಸಬೇಕಾಗಿದ್ದದ್ದು ಅದು, ಲಕೋಟೆಯನ್ನು ಕಾಣುವುದು. ನಾನು ಅದರಿಂದ ಕತ್ತರಿಯನ್ನು ಮಾತ್ರ ಎರವಲು ತಂದೆ, ಕಣ್ಣನ್ನು ತರಲಿಲ್ಲ. ಗೆಳೆಯರು ಚುಟುಕದ್ದೇನೂ ತಪ್ಪಿಲ್ಲವೆಂದದ್ದು ಈ ಅರ್ಥದಲ್ಲಾದರೆ ಒಪ್ಪುತ್ತೇನೆ.

ಈಗ ಫೈಲುಗಳು ಕಂಪ್ಯೂಟರಿಗೆ ಹೋಗಿವೆ. ಲಕೋಟೆಯನ್ನು ಟ್ಯಾಗಿಗೆ ಪೋಣಿಸುವುದಿಲ್ಲ, ಸ್ಕ್ಯಾನು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾನು ಈಗಲೂ ಟಿಪ್ಪಣಿಯನ್ನು ಗಿಡ್ಡವಾಗಿಯೇ ಬರೆಯುತ್ತೇನೆ. ಬರೆದು, ಕೊನೆಯ ವಾಕ್ಯ ಕಿವಿಗೆ ಬಹಳ ಇಂಪಾಗಿ ಬಂದಿದ್ದರೆ ಅಲ್ಲಿ ನಿಂತು, ಫೈಲನ್ನು ಮೊದಲಿನಿಂದ ಇನ್ನೊಮ್ಮೆ ನೋಡುತ್ತೇನೆ. ಇದರಿಂದ ನನ್ನ ಮೇಜಿನ ಮೇಲೆ ಬಾಕಿ ಹೆಚ್ಚಾಗಿದೆ. ಹೊಸಬರಿಗೆ ತೋರಿಸಲು ಸಾಹೇಬರು ಈಗ ಬೇರೆಯವರ ಟಿಪ್ಪಣಿ ತೆಗೆದುಕೊಳ್ಳುತ್ತಾರೆ. ಅಪ್ಪನಿಗೆ ಕಾಗದ ಮತ್ತೆ ಮೂರು ಮಗ್ಗುಲಾಗಿದೆ. "ಅಕ್ಷರ ಸಣ್ಣದಾಯಿತು, ಕನ್ನಡಕ ಬದಲಿಸಬೇಕು" ಎಂದು ಉತ್ತರ ಬಂದಿದೆ.

ಹೋದ ನವೆಂಬರಿನಲ್ಲಿ ಆಕೆ ಕಚೇರಿಗೆ ಬಂದಿದ್ದಳು. ಕುಟುಂಬ ಪಿಂಚಣಿಯವರು ಬದುಕಿದ್ದೇವೆಂದು ದೃಢಪತ್ರ ಕೊಡುವ ತಿಂಗಳು ಅದು. ಅದು ಮುಗಿದ ಮೇಲೆ, ಪಿಂಚಣಿಯ ಕಾಗದದಲ್ಲಿ ಮಗಳ ಹೆಸರಿನ ಅಕ್ಷರ ತಪ್ಪಾಗಿದೆ, ತಿದ್ದಿಸಲು ಒಂದು ಅರ್ಜಿ ಬರೆದುಕೊಡಿ ಎಂದಳು. ಎರಡು ಸಾಲಿನ ಕೆಲಸ. ಹಾಳೆ ತೆಗೆದುಕೊಂಡು, "ಹೇಳಿ, ಏನು ಬರೆಯಲಿ?" ಎಂದೆ.

"ಎಲ್ಲ ಬರೆಯಿರಿ ಬಾಬು" ಎಂದು ಆಕೆ ಸ್ಟೂಲಿನ ಮೇಲೆ ಕುಳಿತಳು. ಹೆಸರು ಇಟ್ಟದ್ದು ಯಾರು, ಶಾಲೆಗೆ ಸೇರಿಸಿದ ದಿನ ಯಾರು ತಪ್ಪಾಗಿ ಬರೆದರು, ಗಂಡ ಅದನ್ನು ತಿದ್ದಿಸಲು ಎರಡು ಸಲ ಹೋಗಿ ಬಂದದ್ದು, ಆ ವರ್ಷ ಮಳೆ ನೀರು ಮನೆಯೊಳಗೆ ಬಂದು ಕಾಗದಗಳು ನೆನೆದದ್ದು. ಮಗಳು ಈಗ ಕಾಲೇಜು ಮುಗಿಸಿದ್ದಾಳಂತೆ. ಗಡಿಯಾರ ನೋಡಿದೆ, ಸೇತುವೆ ಎತ್ತುವ ಹೊತ್ತಾಗುತ್ತಿತ್ತು. ಹಾಳೆಯ ಎರಡನೆಯ ಮಗ್ಗುಲು ತಿರುಗಿಸಿ ಬರೆಯತೊಡಗಿದೆ.